ಬಣ್ಣದ ಪೆಟ್ಟಿಗೆಗೆ ಎಷ್ಟು ಸುಂಕ? ಓದುಗರ ಪ್ರಶ್ನೆ, ನನ್ನ ಉತ್ತರ

ಹೊರದೇಶದ ಪಾರ್ಸೆಲ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದದ್ದೇ ತಡ, ಕಾಗದಗಳು ಬಂದವು. ಅವುಗಳಲ್ಲಿ ಹೆಚ್ಚಿನವು ಚಿತ್ರ ಬರೆಯುವವರದ್ದು. ಫೋನು, ಲ್ಯಾಪ್‌ಟಾಪು ಕೇಳುತ್ತಾರೆ ಎಂದುಕೊಂಡಿದ್ದೆ. ಈ ಸಲದ ಪುಟವನ್ನೆಲ್ಲ ಬಣ್ಣ, ಪೆನ್ಸಿಲ್, ಕುಂಚಗಳಿಗೇ ಇಟ್ಟುಬಿಟ್ಟಿದ್ದೇನೆ. ಬೆಂಗಳೂರಿನ ಒಂದು ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ 28 ವರ್ಷ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕಸ್ಟಮ್ಸ್‌ಗೆ ಕೊಡುವ ಅರ್ಜಿ, ತುಂಬಿದವಳು ನಾನು. ಭಾನುವಾರ ಬೆಳಗ್ಗೆ ಜಲವರ್ಣ ಹಿಡಿದು ಕೂರುತ್ತೇನೆ. ಹಾಗಾಗಿ ಈ ಪ್ರಶ್ನೆಗಳು ನನಗೆ ಎರಡೂ ಕಡೆಯಿಂದ ತಟ್ಟುತ್ತವೆ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹೊರದೇಶದ ಒಂದು ಅಂಗಡಿಯಿಂದ ಜಲವರ್ಣದ ಬಿಲ್ಲೆಗಳು, 36 ಬಣ್ಣದ ಪೆನ್ಸಿಲ್, ಆಯಿಲ್ ಪ್ಯಾಸ್ಟೆಲ್, ಎರಡು ಬ್ರಷ್, ಒಂದು ಸ್ಕೆಚ್ ಪ್ಯಾಡ್ ತರಿಸಿದೆ. ಪೆನ್ಸಿಲ್‌ಗೆ ಈಗ ಜಿಎಸ್‌ಟಿ ಇಲ್ಲ ಅಂತ ಪೇಪರಿನಲ್ಲಿ ಓದಿದ್ದೆ. ಆದರೆ ಕೊರಿಯರ್‌ನವರು ಇಡೀ ಪೆಟ್ಟಿಗೆಗೆ ಒಂದೇ ದರ ಹಾಕಿದರು. ಸಾಗಣೆ ಖರ್ಚಿನ ಮೇಲೂ ತೆರಿಗೆ ಹಿಡಿದರು. ಇನ್‌ವಾಯ್ಸ್‌ನಲ್ಲಿ 'ಆರ್ಟ್ ಸಪ್ಲೈಸ್' ಅಂತ ಒಂದೇ ಸಾಲು ಇತ್ತು. ರಸೀದಿಯಲ್ಲಿ 9804 ಎಂಬ ಅಂಕಿ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು ಅಂತ ದುಡ್ಡು ಕಟ್ಟಿ ಬಿಡಿಸಿಕೊಂಡೆ. ಇದು ಸರಿಯೇ?
(ಡ್ರಾಯಿಂಗ್ ಮಾಸ್ತರ್, ಧಾರವಾಡ)

ಉತ್ತರ: ಮಾಸ್ತರೇ, ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೆ ಕೆಲಸ ಆಗುವುದಿಲ್ಲ ನಿಜ. ಆದರೆ ಪೆಟ್ಟಿಗೆಯಲ್ಲಿ ಏನಿದೆ ಎಂದು ಬಿಡಿಸಿ ಹೇಳುವುದು ಯಾವತ್ತೂ ಒಳ್ಳೆಯದು. ನಿಮ್ಮ ವಿಷಯದಲ್ಲಿ ಆ ಕೆಲಸ ಯಾರೂ ಮಾಡಿಲ್ಲ, ಮಾರಿದವರೂ ಮಾಡಿಲ್ಲ.

ಮೊದಲು ಸಾಗಣೆ ಖರ್ಚಿನ ವಿಚಾರ. ಸುಂಕ ಹಾಕುವುದು ಅಂಗಡಿಯ ಬೆಲೆಯ ಮೇಲಲ್ಲ, ವಸ್ತು ನಮ್ಮ ದೇಶದ ಬಾಗಿಲಿಗೆ ಬಂದು ಮುಟ್ಟುವ ಹೊತ್ತಿಗೆ ಎಷ್ಟಾಯಿತು ಎಂಬುದರ ಮೇಲೆ. ಬೆಲೆ, ಸಾಗಣೆ, ವಿಮೆ ಮೂರೂ ಸೇರುತ್ತವೆ. ಡಾಲರನ್ನು ರೂಪಾಯಿಗೆ ತಿರುಗಿಸುವುದು ಕೂಡ ಕಸ್ಟಮ್ಸ್ ಪ್ರಕಟಿಸುವ ದರದಲ್ಲಿ, ನಿಮ್ಮ ಬ್ಯಾಂಕಿನ ದರದಲ್ಲಲ್ಲ. ಈ ಲೆಕ್ಕ ಸರಿಯಾಗಿಯೇ ಇದೆ.

ಇನ್ನು 9804. ಸ್ವಂತ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವ ವಸ್ತುಗಳಿಗೆ ಸುಂಕಪಟ್ಟಿಯ 98ನೇ ಅಧ್ಯಾಯದಲ್ಲಿ ಇಟ್ಟಿರುವ ಒಟ್ಟು ಖಾನೆ ಅದು. ಬೇರೆ ಕಡೆ ಇದಕ್ಕಿಂತ ನಿಖರವಾದ ಖಾನೆ ಇದ್ದರೂ ಈ ಅಧ್ಯಾಯವೇ ಅನ್ವಯಿಸುತ್ತದೆ ಎಂದು ಅದರ ಟಿಪ್ಪಣಿಯಲ್ಲೇ ಬರೆದಿದೆ. ಆದ್ದರಿಂದ ನಿಮ್ಮ ಪೆನ್ಸಿಲ್ಲೂ ಬಣ್ಣವೂ ಪ್ಯಾಡೂ ಒಂದೇ ತಕ್ಕಡಿಗೆ ಬಿದ್ದಿವೆ. ಕೊರಿಯರ್‌ನವರ ತಪ್ಪು ಹುಡುಕುವುದು ಕಷ್ಟ.

ಇದನ್ನೇ ಅಂಗಡಿಯವರೊಬ್ಬರು ವ್ಯಾಪಾರಕ್ಕೆ ತರಿಸಿದ್ದರೆ ಪೆಟ್ಟಿಗೆಯ ಪ್ರತಿ ವಸ್ತುವಿಗೂ ಬೇರೆ ಬೇರೆ ಮನೆ ಸಿಗುತ್ತಿತ್ತು. ಜಲವರ್ಣದ ಬಿಲ್ಲೆ, ಟ್ಯೂಬಿನ ಆಯಿಲ್ ಕಲರ್, ಅಕ್ರಿಲಿಕ್ ಇವೆಲ್ಲ 3213. ಕಲಾವಿದರ, ವಿದ್ಯಾರ್ಥಿಗಳ, ಬೋರ್ಡ್ ಬರೆಯುವವರ ಬಣ್ಣ ಎಂದೇ ಅದರ ಹೆಸರು. ಬಣ್ಣದ ಪೆನ್ಸಿಲ್, ಕ್ರೆಯಾನ್, ಪ್ಯಾಸ್ಟೆಲ್, ಇದ್ದಿಲು ಕಡ್ಡಿ, ಸೀಮೆಸುಣ್ಣ 9609. ಸ್ಕೆಚ್ ಪೆನ್ನು, ಮಾರ್ಕರ್ 9608. ಚಿತ್ರ ಬರೆಯುವ ಇಂಕು 3215. ಬ್ರಷ್ಷು 9603. ರಬ್ಬರು 4016, ಮೆಂಡರು 8214. ಹೊಲಿದ, ಅಂಟಿಸಿದ ಪ್ಯಾಡು 4820. ಪ್ರೈಮರ್ ಹಚ್ಚಿದ ಕ್ಯಾನ್ವಾಸ್ 5901. ಪೂರ್ತಿ ಬರೆದರೆ ಈ ಅಂಕಿಗಳಿಗೆ ಎಂಟು ಸ್ಥಾನ, ಮೊದಲ ಆರು ಲೋಕಕ್ಕೆಲ್ಲ ಒಂದೇ. 1988ರಿಂದ ಹಾಗೆಯೇ ನಡೆದು ಬಂದಿದೆ. ಕೊನೆಯ ಎರಡು ಅಂಕಿ ಮಾತ್ರ ನಮ್ಮವು.

ಹಾಗೆ ವ್ಯಾಪಾರಕ್ಕೆ ತರಿಸಿದವರ ಲೆಕ್ಕ ನೋಡಿ. 10,000 ರೂಪಾಯಿಯ ಬಣ್ಣದ ಟ್ಯೂಬುಗಳಿಗೆ ಮೂಲ ಸುಂಕ ಶೇ 10, ಅಂದರೆ 1,000. ಆ ಸಾವಿರದ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಶೇ 10, ಅಂದರೆ 100. ಒಟ್ಟು 11,100. ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ, ಶೇ 18, ಅಂದರೆ 1,998. ಕಟ್ಟಬೇಕಾದದ್ದು 3,098. ಅದೇ 10,000ದ ಪೆನ್ಸಿಲ್‌ಗಾದರೆ 1,100ಕ್ಕೆ ಮುಗಿಯಿತು. ಯಾಕೆಂದರೆ 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೆಯಾನ್, ಪ್ಯಾಸ್ಟೆಲ್, ಇದ್ದಿಲು ಕಡ್ಡಿಗಳ ಮೇಲೆ ಜಿಎಸ್‌ಟಿ ಇಲ್ಲ. ನೀವು ಓದಿದ ಸುದ್ದಿ ಅದೇ. ಅದು ಟ್ಯೂಬಿನ ಬಣ್ಣಕ್ಕೆ ಅನ್ವಯವಾಗಲಿಲ್ಲ. ಆಗಬೇಕಿತ್ತು ಎಂದು ನನ್ನ ಅಭಿಪ್ರಾಯ. ಸರ್ಕಾರಿ ಶಾಲೆಯ ಮಗುವಿಗೆ ಕ್ರೆಯಾನ್ ಎಷ್ಟು ಪಾಠವೋ ವಾಟರ್‌ಕಲರ್ ಕೇಕೂ ಅಷ್ಟೇ ಪಾಠ.

ಪ್ಯಾಸ್ಟೆಲ್ ಕೂಡ ಬಣ್ಣವೇ ಅಲ್ಲವೇ, ಅದೇಕೆ ಪೆನ್ಸಿಲ್ ಜೊತೆ ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಮೊದಲು ಅನ್ನಿಸಿತ್ತು. ಏರ್ ಕಾರ್ಗೋ ಶೆಡ್ಡಿನಲ್ಲಿ ಒಮ್ಮೆ ಮರದ ಪೆಟ್ಟಿಗೆಯೊಂದನ್ನು ತೆರೆಸಿದ್ದರು. ಬಿಲ್ಲಿನಲ್ಲಿ ನಾನು 'ಆಯಿಲ್ ಕಲರ್ಸ್' ಎಂದು ತುಂಬಿದ್ದೆ. ಒಳಗೆ ಕಾಗದ ಸುತ್ತಿದ ಕಡ್ಡಿಗಳ ಸಾಲು. ಸರಕು ಪರೀಕ್ಷಿಸುವ ಕಸ್ಟಮ್ಸ್ ಅಧಿಕಾರಿ, ಅಪ್ರೈಸರ್, ಅದರಲ್ಲಿ ಒಂದು ನೀಲಿ ಕಡ್ಡಿ ಎತ್ತಿಕೊಂಡು ಪ್ಯಾಕಿಂಗ್ ಲಿಸ್ಟಿನ ಹಿಂಬದಿಗೆ ಒಂದು ಗೆರೆ ಎಳೆದರು. ಬೆರಳಲ್ಲಿ ಉಜ್ಜಿದರು. "ನೀರು ಬೇಕಾಗಿಲ್ಲ, ಎಣ್ಣೆ ಬೇಕಾಗಿಲ್ಲ, ಬ್ರಷ್ ಬೇಕಾಗಿಲ್ಲ. ಕೈಯಲ್ಲಿ ಹಿಡಿದು ಬರೆಯೋದು. ಇದು 9609 ಕಣಮ್ಮಾ" ಎಂದರು. ವಸ್ತು ಏನು ಮಾಡುತ್ತದೆ, ಯಾವ ರೂಪದಲ್ಲಿದೆ ಎಂಬುದನ್ನು ಸುಂಕಪಟ್ಟಿ ನೋಡುತ್ತದೆಯೇ ಹೊರತು ಅದರ ಬ್ರ್ಯಾಂಡು, ದರ್ಜೆ ನೋಡುವುದಿಲ್ಲ ಎಂದು ನನಗೆ ಕಲಿಸಿದ್ದು ಆ ಒಂದು ಗೆರೆ.

ನಿಮಗೆ ನಾನು ಹೇಳುವುದಿಷ್ಟು: ಪೆನ್ಸಿಲ್, ಪ್ಯಾಸ್ಟೆಲ್‌ಗಳನ್ನು ಆಮದು ಮಾಡಿ ಮಾರುವ ಇಲ್ಲಿನ ಅಂಗಡಿಯಲ್ಲೇ ಕೊಳ್ಳಿ, ತೆರಿಗೆ ಇಳಿದ ಲಾಭ ಸಿಗುವುದು ಅಲ್ಲೇ. ಇಲ್ಲಿ ಎಲ್ಲೂ ಸಿಗದ ಬಣ್ಣವನ್ನು ಮಾತ್ರ ಹೊರಗಿಂದ ತರಿಸಿ. ತರಿಸುವಾಗ ಇನ್‌ವಾಯ್ಸ್‌ನಲ್ಲಿ ಪ್ರತಿ ವಸ್ತುವಿನ ಹೆಸರು, ಸಂಖ್ಯೆ, ಬೆಲೆ ಬೇರೆ ಬೇರೆ ಸಾಲಿನಲ್ಲಿ ಬರೆಯಲು ಅಂಗಡಿಯವರಿಗೆ ಮೊದಲೇ ಹೇಳಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕ ನನ್ನ ಮಗಳ ಹುಟ್ಟುಹಬ್ಬಕ್ಕೆ ಬಣ್ಣದ ಸೆಟ್ ಕಳಿಸಿದ್ದಳು. ಮೇಲೆ 'ಗಿಫ್ಟ್' ಎಂದು ದೊಡ್ಡದಾಗಿ ಬರೆದಿದ್ದಳು. ಉಡುಗೊರೆಗೂ ಸುಂಕ ಕೇಳಿದರು. ಮೊದಲು ಇರಲಿಲ್ಲವಲ್ಲ?
(ಗೃಹಿಣಿ, ಶಿವಮೊಗ್ಗ)

ಉತ್ತರ: ನಿಜ ತಾಯಿ, ಮೊದಲು ಇರಲಿಲ್ಲ. 5,000 ರೂಪಾಯಿವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. ಹೊರದೇಶದ ಆನ್‌ಲೈನ್ ಅಂಗಡಿಗಳ ಸರಕು ಇದೇ ದಾರಿಯಲ್ಲಿ ಉಡುಗೊರೆಯ ಚೀಟಿ ಅಂಟಿಸಿಕೊಂಡು ರಾಶಿ ರಾಶಿ ಬರತೊಡಗಿತು. 2019ರ ಡಿಸೆಂಬರ್ 12ರಂದು ಆ ಬಾಗಿಲು ಮುಚ್ಚಿದರು. ಅಂಚೆ, ಕೊರಿಯರ್ ಮೂಲಕ ಉಡುಗೊರೆ ಎಂದು ಸುಂಕವಿಲ್ಲದೆ ಬಿಡಿಸಿಕೊಳ್ಳಲು ಈಗ ಅವಕಾಶ ಇರುವುದು ಎರಡಕ್ಕೆ ಮಾತ್ರ: ಜೀವರಕ್ಷಕ ಔಷಧ ಮತ್ತು ರಾಖಿ. ರಾಖಿಯ ಜೊತೆ ಇಟ್ಟ ಉಡುಗೊರೆಗೂ ಇಲ್ಲ. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆ ಧಾರಾಳವಾಗಿ ಬರಬಹುದು.

ನಿಮ್ಮಕ್ಕನಿಗೆ ಒಂದು ಮಾತು ಹೇಳಿ. ಪ್ರೀತಿಯಿಂದ ಕಳಿಸುವವರು ಬೆಲೆಯ ಜಾಗದಲ್ಲಿ ಸೊನ್ನೆಯನ್ನೋ ಒಂದು ಡಾಲರನ್ನೋ ಬರೆಯುತ್ತಾರೆ. ಅದರಿಂದ ಉಳಿತಾಯವಿಲ್ಲ, ಅನುಮಾನ ಹುಟ್ಟುತ್ತದೆ. ಅಧಿಕಾರಿ ತಾವೇ ಬೆಲೆ ಕಟ್ಟುತ್ತಾರೆ, ಅಷ್ಟರಲ್ಲಿ ಹುಟ್ಟುಹಬ್ಬ ಕಳೆದುಹೋಗುತ್ತದೆ. ಅಂಗಡಿಯ ರಸೀದಿಯ ಪ್ರತಿಯನ್ನು ಪೆಟ್ಟಿಗೆಯ ಹೊರಗೆ ಅಂಟಿಸಿ ಕಳಿಸಲಿ. ಅದಕ್ಕಿಂತ ಒಳ್ಳೆಯದು, ರಜೆಗೆ ಬರುವಾಗ ಬ್ಯಾಗಿನಲ್ಲಿ ತರಲಿ. ಪ್ರಯಾಣಿಕರ ಸಾಮಾನಿಗೆ ಇರುವ ವಿನಾಯಿತಿಯೇ ಬೇರೆ, ಒಂದು ಬಣ್ಣದ ಸೆಟ್ಟು ಅದರೊಳಗೆ ಸಲೀಸಾಗಿ ಹಿಡಿಯುತ್ತದೆ.

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸ್ಟೇಷನರಿ ಅಂಗಡಿ. ಅಪ್ಪನ ಕಾಲದಿಂದ ಸಗಟು ವ್ಯಾಪಾರಿಗಳಿಂದ ತರುತ್ತೇವೆ. ಈಗ ನೇರವಾಗಿ ಜಪಾನ್, ಚೀನಾದಿಂದ ಕಲಾ ಸಾಮಗ್ರಿ ತರಿಸಬೇಕೆಂದಿದ್ದೇನೆ. ದೊಡ್ಡವರ ಬಣ್ಣ, ಮಕ್ಕಳ ಸೆಟ್, ಪಿಗ್ಮೆಂಟ್ ಪುಡಿ ಮೂರೂ. ಎಲ್ಲಿ ಎಡವಬಹುದು ಹೇಳಿ ಮೇಡಂ.
(ಅಂಗಡಿ ಮಾಲೀಕ, ಹುಬ್ಬಳ್ಳಿ)

ಉತ್ತರ: ಆಮದು ಮಾಡಲು ಬೇಕಾದ ನೋಂದಣಿ ಸಂಖ್ಯೆ, ಐಇಸಿ, ಮಾಡಿಸುವುದು ಸುಲಭ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ತಾಣದಲ್ಲಿ 500 ರೂಪಾಯಿ ಕಟ್ಟಿದರೆ ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗುತ್ತದೆ. ಎಡವುವುದು ಅಲ್ಲಲ್ಲ.

ಪುಡಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ನಾನೇ ಎಡವಿದ್ದೇನೆ. ಗ್ರಾಹಕರೊಬ್ಬರು 25 ಕಿಲೋ ಚೀಲದಲ್ಲಿ ಅಲ್ಟ್ರಾಮರೀನ್ ನೀಲಿ ತರಿಸಿದ್ದರು. ಚಿತ್ರಕಲಾ ಶಾಲೆಗೆ ಹೋಗುವ ಸರಕು ಎಂಬ ಒಂದೇ ಕಾರಣಕ್ಕೆ ನಾನು 3213 ಹಾಕಿದೆ. ಆದರೆ 3213 ಎಂದರೆ ಬಿಲ್ಲೆ, ಟ್ಯೂಬು, ಭರಣಿ, ಸೀಸೆ ಇಂಥ ರೂಪದಲ್ಲಿ ಕೈಗೆ ಬರುವ ಬಣ್ಣ ಮಾತ್ರ. ಚೀಲದ ಅಲ್ಟ್ರಾಮರೀನಿಗೆ 3206 41 ಎಂಬ ತನ್ನದೇ ಜಾಗ ಇದೆ. ತಿದ್ದುಪಡಿ ಆಗುವವರೆಗೆ ಚೀಲಗಳು ಶೆಡ್ಡಿನಲ್ಲಿ ಕೂತವು, ಹಾಗೆ ಕೂತದ್ದಕ್ಕೆ ಕಟ್ಟಬೇಕಾದ ಬಾಡಿಗೆ, ಡೆಮರೇಜ್, ಏರುತ್ತಾ ಹೋಯಿತು, ಪಾಪ ಆ ಗ್ರಾಹಕರು ಅದನ್ನು ತಮ್ಮ ಕೈಯಿಂದ ಕಟ್ಟಿದರು. ಇವತ್ತಿಗೂ ಆ ನೀಲಿ ನೋಡಿದಾಗ ನನಗೆ ಅವರ ಮುಖ ನೆನಪಾಗುತ್ತದೆ. ನೀವು ಪುಡಿ ತರಿಸಿದರೆ ಒಂದೊಂದು ಬಣ್ಣದ ರಾಸಾಯನಿಕ ಹೆಸರನ್ನೂ ಮಾರುವವರಿಂದ ಬರೆಸಿಕೊಳ್ಳಿ. ಸಾವಯವ ಬಣ್ಣ ಬೇರೆ ಖಾನೆ, ಖನಿಜ ಬಣ್ಣ ಬೇರೆ ಖಾನೆ.

ಸೆಟ್‌ಗಳದ್ದು ಇನ್ನೊಂದು ಕಥೆ. ಬಣ್ಣದ ಪೆಟ್ಟಿಗೆಯೊಳಗೆ ಬ್ರಷ್ಷು, ಪ್ಯಾಲೆಟ್ಟು ಇದ್ದರೂ ಇಡೀ ಪೆಟ್ಟಿಗೆ 3213 10 ಆಗಿಯೇ ಉಳಿಯುತ್ತದೆ. ಡ್ರಾಯಿಂಗ್ ಕಿಟ್ ಎಂದು ಪೆನ್ಸಿಲ್, ಇದ್ದಿಲು, ಮೆಂಡರು, ರಬ್ಬರು, ಪ್ಯಾಡು ಒಟ್ಟಿಗೆ ಬಂದರೆ, ಅದರಲ್ಲಿ ಆ ಕಿಟ್ಟಿಗೆ ಜೀವ ಕೊಡುವ ವಸ್ತು ಯಾವುದೋ ಅದರ ಖಾನೆಗೇ ಎಲ್ಲವೂ ಹೋಗುತ್ತದೆ. ಪೆನ್ಸಿಲ್ ಇಲ್ಲದಿದ್ದರೆ ಆ ಪೆಟ್ಟಿಗೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ ಎಂದಾದರೆ ಅದು 9609. ಬಣ್ಣ, ಮಾರ್ಕರ್, ಪೆನ್ಸಿಲ್ ಮೂರೂ ಸಮಸಮ ಇರುವ ನೂರೈವತ್ತು ತುಂಡಿನ ಸೂಟ್‌ಕೇಸ್ ಸೆಟ್ ಬಂದರೆ ವಾದ ತಪ್ಪಿದ್ದಲ್ಲ. ಮೊದಲ ಸಲವೇ ಅಂಥದ್ದಕ್ಕೆ ಕೈ ಹಾಕಬೇಡಿ.

ಮಕ್ಕಳ ಸಾಮಾನಿನಲ್ಲಿ ತುಂಬ ಎಚ್ಚರ ಬೇಕು. ಮಕ್ಕಳ ಕ್ರೆಯಾನ್ 9609ರಲ್ಲೇ, ಮಕ್ಕಳ ಬಣ್ಣ 3213ರಲ್ಲೇ, ಮಾಡೆಲಿಂಗ್ ಕ್ಲೇ 3407ರಲ್ಲಿ, ಬಣ್ಣ ತುಂಬುವ ಪುಸ್ತಕ 4903ರಲ್ಲಿ. ಮಕ್ಕಳದ್ದು ಎಂಬ ಕಾರಣಕ್ಕೆ ಇವು ಆಟಿಕೆಯಾಗುವುದಿಲ್ಲ. ಆದರೆ ಬಣ್ಣ ಬಳಿಯುವ ಗೊಂಬೆ, ಆಟದ ಬೋರ್ಡು ಸೇರಿಸಿ ಮಾಡಿದ ಸೆಟ್ ಆಟಿಕೆಯ 9503ಕ್ಕೆ ಜಾರಿದರೆ ಲೆಕ್ಕವೇ ತಲೆಕೆಳಗು. ಆಟಿಕೆಯ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಸುಂಕ ಒಂದು ಕಡೆ, ಐಎಸ್‌ಐ ಮುದ್ರೆ ಇನ್ನೊಂದು ಕಡೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಬೆರಳಲ್ಲಿ ಅದ್ದಿ ಬಳಿಯುವ ಫಿಂಗರ್ ಪೇಂಟ್‌ಗೆ ಆಟಿಕೆ ಮಾನದಂಡದಲ್ಲೇ ಬೇರೆ ಭಾಗ ಇದೆ. ಇದಕ್ಕೆ ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ಎರಡು ವರ್ಷದ ಮಗು ಬೆರಳನ್ನು ಬಣ್ಣಕ್ಕೆ ಅದ್ದಿದ ಮೇಲೆ ಮುಂದೆ ಇಡುವುದು ಬಾಯಿಗೇ. ಪರೀಕ್ಷೆಯ ವರದಿ ಇಲ್ಲದ ಫಿಂಗರ್ ಪೇಂಟನ್ನು ಸುಂಕ ಎಷ್ಟೇ ಕಡಿಮೆಯಾಗಲಿ ತರಿಸಬೇಡಿ.

ಜಪಾನಿನ ಸರಕಿಗೆ 2011ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಒಪ್ಪಂದದ ಅಡಿ ರಿಯಾಯಿತಿ ಇದೆಯೇ ಎಂದು ಪ್ರತಿ ಖಾನೆಗೂ ನೋಡಿಕೊಳ್ಳಿ. ಆದರೆ ಹೆಸರು ಜಪಾನಿನದು ಎಂದ ಮಾತ್ರಕ್ಕೆ ಸಾಲದು, ವಸ್ತು ಅಲ್ಲಿ ತಯಾರಾಗಿರಬೇಕು, ಮೂಲದ ಪ್ರಮಾಣಪತ್ರ ಬೇಕು, ಅದಕ್ಕೆ ಪೂರಕ ಮಾಹಿತಿ ನಿಮ್ಮ ಕೈಯಲ್ಲೂ ಇರಬೇಕು. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಿ. ಅಂಗಡಿಯಲ್ಲಿ ಮಾರುವ ಪ್ಯಾಕೆಟ್ಟಿನ ಮೇಲೆ ಆಮದುದಾರನ ಹೆಸರು ವಿಳಾಸ, ತಯಾರಾದ ದೇಶ, ಪ್ರಮಾಣ, ಎಂಆರ್‌ಪಿ ಇರಲೇಬೇಕು. ದರಕ್ಕೆ ಕಸ್ಟಮ್ಸ್‌ನವರ ಐಸ್‌ಗೇಟ್ ತಾಣದ ಸುಂಕ ಲೆಕ್ಕದ ಪುಟ ನೋಡಿ, ಬಜೆಟ್ಟಿನ ಮಾರನೆಯ ದಿನ ಮತ್ತೊಮ್ಮೆ ನೋಡಿ. ದೊಡ್ಡ ಮೊತ್ತದ ಸರಕಿಗೆ ಖಾನೆ ಯಾವುದೆಂದು ಗೊಂದಲ ಇದ್ದರೆ ಸರಕು ತರಿಸುವ ಮೊದಲೇ ಅದನ್ನು ತೀರ್ಮಾನಿಸಿ ಹೇಳುವ ಮುಂಗಡ ತೀರ್ಪಿನ ಪ್ರಾಧಿಕಾರ ದೆಹಲಿ, ಮುಂಬೈಗಳಲ್ಲಿ ಇದೆ. ಅರ್ಜಿ ಶುಲ್ಕ 10,000 ರೂಪಾಯಿ. ಮೊದಲ ಪೆಟ್ಟಿಗೆಗೆ ಅಷ್ಟೆಲ್ಲ ಬೇಡ.

ಪ್ರಶ್ನೆ: ಜರ್ಮನಿಯಲ್ಲಿ ಕಲೆ ಓದುತ್ತಿದ್ದೇನೆ, ಮುಂದಿನ ತಿಂಗಳು ಮಂಗಳೂರಿಗೆ ವಾಪಸ್. ಬಳಸಿ ಉಳಿದ ಆಯಿಲ್ ಕಲರ್, ಟರ್ಪೆಂಟೈನ್, ಲಿನ್‌ಸೀಡ್ ಎಣ್ಣೆ ತರಬಹುದೇ?
(ವಿದ್ಯಾರ್ಥಿನಿ)

ಉತ್ತರ: ಬಳಸಿದ ಸ್ವಂತ ಸಾಮಾನಿಗೆ ಸುಂಕದ ಚಿಂತೆ ಇಲ್ಲಮ್ಮ. ನಿನ್ನನ್ನು ತಡೆಯುವವರು ವಿಮಾನದವರು. ಟರ್ಪೆಂಟೈನನ್ನು ಅಲ್ಲೇ ಗೆಳತಿಗೆ ಕೊಟ್ಟು ಬಾ. ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ. ಟ್ಯೂಬುಗಳನ್ನೂ ಲಿನ್‌ಸೀಡ್ ಎಣ್ಣೆಯನ್ನೂ ಚೆಕ್-ಇನ್ ಬ್ಯಾಗಿಗೆ ಹಾಕು, ಜೊತೆಗೆ ತಯಾರಕರ ತಾಣದಿಂದ ಸುರಕ್ಷತಾ ಪತ್ರ ಇಳಿಸಿ ಪ್ರಿಂಟ್ ತೆಗೆದಿಡು. ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವ ಉಷ್ಣತೆ) 60 ಡಿಗ್ರಿಗಿಂತ ಮೇಲೆ ಎಂಬ ಸಾಲಿಗೆ ಗುರುತು ಹಾಕು. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಸುತ್ತಿ ಬ್ಯಾಗಿಗೆ ತುರುಕಬೇಡ. ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವ ವಸ್ತು.

ಪ್ರಶ್ನೆ: ನಾನು ಮೈಸೂರು ಶೈಲಿಯ ಚಿತ್ರ ಬರೆಯುವವನು, ತಂದೆಯಿಂದ ಬಂದ ವಿದ್ಯೆ. ಎರಡು ಪ್ರಶ್ನೆ. ಲಂಡನ್ನಿನ ಶಿಷ್ಯರೊಬ್ಬರು ಕೊಲಿನ್‌ಸ್ಕಿ ಸೇಬಲ್ ಕುಂಚ ಕಳಿಸುತ್ತೇನೆ ಎನ್ನುತ್ತಾರೆ, ತರಿಸಿಕೊಳ್ಳಲೇ? ಇನ್ನೊಂದು, ಸಿಂಗಪುರದ ಶಿಷ್ಯೆಗೆ ನಾನೇ ಮಾಡಿದ ಹುಣಸೆ ಇದ್ದಿಲಿನ ಕಡ್ಡಿ ಕಳಿಸಬೇಕು. ಅಂಚೆ ಕಚೇರಿಯಲ್ಲಿ ಇದ್ದಿಲು ಎಂದ ತಕ್ಷಣ ಬೇಡ ಎಂದರು.
(ಚಿತ್ರಕಾರ, ಮೈಸೂರು)

ಉತ್ತರ: ಕುಂಚ ಬೇಡ ಸರ್. ಕೊಲಿನ್‌ಸ್ಕಿ ಎಂದರೆ ಸೈಬೀರಿಯನ್ ವೀಸಲ್ ಎಂಬ ಕಾಡುಪ್ರಾಣಿಯ ಬಾಲದ ಕೂದಲು. ಆ ಪ್ರಾಣಿ ನಮ್ಮ ಹಿಮಾಲಯದಲ್ಲೂ ಇದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೂರನೇ ಅನುಬಂಧಕ್ಕೆ ಅದನ್ನು ಸೇರಿಸಿದ್ದೇ ಭಾರತ. ಹಾಗಾಗಿ ಕುಂಚ 9603 30 ಎಂದು ಸುಂಕ ಕಟ್ಟಿದರೂ ಮುಗಿಯುವುದಿಲ್ಲ, ಕೂದಲು ಎಲ್ಲಿಂದ ಬಂತು ಎಂಬ ಕಾಗದ ಕೇಳುತ್ತಾರೆ. ಒಂದು ಕುಂಚಕ್ಕಾಗಿ ಆ ಕಾಗದವನ್ನು ಯಾವ ಅಂಗಡಿಯೂ ಮಾಡಿಕೊಡುವುದಿಲ್ಲ. ಹಂದಿ ಕೂದಲು, ಮೇಕೆ ಕೂದಲು, ನೈಲಾನ್ ಕುಂಚಗಳಿಗೆ ಈ ತೊಡಕಿಲ್ಲ.

ಊರಲ್ಲೇ ಕೊಳ್ಳುವಾಗಲೂ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಗಾಢ ಕಂದು, ನಡುವೆ ಕೆನೆಬಣ್ಣ, ಬುಡ ಮತ್ತೆ ಕಂದು ಎಂದಿದ್ದರೆ ಅದು ಮುಂಗುಸಿ. ಮುಂಗುಸಿ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕೂದಲಿನ ಕುಂಚ ಮಾರುವುದೂ ಕೊಳ್ಳುವುದೂ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 'ಆಪರೇಷನ್ ಕ್ಲೀನ್ ಆರ್ಟ್' ಎಂದು ಹೆಸರಿಟ್ಟು ದೇಶದ ಹಲವೆಡೆ ದಾಳಿ ಮಾಡಿದ್ದು ಇದಕ್ಕಾಗಿಯೇ. ದೇವಿಯ ಕಣ್ಣು ತೆರೆಯುವ ಗೆರೆಗೆ ಒಂದೆಳೆ ಕೂದಲಿನ ಮೊನೆ ಬೇಕು ಎಂದು ನಿಮ್ಮಂಥವರು ಹೇಳುವುದು ನನಗೆ ಗೊತ್ತು, ಹಿಂದೆ ಅಳಿಲಿನ ಬಾಲದ ಕೂದಲು ಬಳಸುತ್ತಿದ್ದದ್ದೂ ಗೊತ್ತು. ಸೊನ್ನೆ ನಂಬರಿನ ಒಳ್ಳೆಯ ಸಿಂಥೆಟಿಕ್ ಕುಂಚವನ್ನು ಒಂದು ತಿಂಗಳು ಕೈಗೆ ಪಳಗಿಸಿ ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ನಿಮ್ಮ ಹುಣಸೆ ಕಡ್ಡಿ. ಹುಣಸೆಯ ಎಳೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಮುಚ್ಚಿ ಸುಟ್ಟು ಮಾಡುವ ಆ ಇದ್ದಿಲಿನಿಂದಲೇ ಮೈಸೂರು ಚಿತ್ರದ ಮೊದಲ ರೇಖೆ ಹುಟ್ಟುತ್ತಿತ್ತು. ನೀವು ಅದನ್ನು ಇನ್ನೂ ಮಾಡುತ್ತಿದ್ದೀರಿ ಎಂದು ಓದಿ ತುಂಬ ಸಂತೋಷವಾಯಿತು. ಅಂಚೆಯವರು ಹೆದರಿದ್ದಕ್ಕೆ ಕಾರಣ ಇದೆ. ಬರೀ ಇದ್ದಿಲು ಎಂದರೆ 4402ರ ಸೌದೆ ಇದ್ದಿಲು. ಸಾಗಣೆಯ ನಿಯಮದಲ್ಲಿ ಅದು ತನ್ನಷ್ಟಕ್ಕೆ ಕಾಯುವ ಅಪಾಯಕಾರಿ ಸರಕು. ಚಿತ್ರ ಬರೆಯುವ ಇದ್ದಿಲಿಗೆ ಸುಂಕಪಟ್ಟಿಯಲ್ಲಿ ಬೇರೆಯೇ ಜಾಗ, ಪ್ಯಾಸ್ಟೆಲ್ ಪಕ್ಕದಲ್ಲಿ, 9609 90. ಕಡ್ಡಿಗಳು ಪೂರ್ತಿ ಆರಿ ಒಂದೆರಡು ವಾರವಾದರೂ ಆಗಿರಲಿ. ಹನ್ನೆರಡು ಕಡ್ಡಿಯ ಚಿಕ್ಕ ಕಟ್ಟು ಮಾಡಿ, ರಟ್ಟಿನ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಅದೇ ಕಡ್ಡಿಯಿಂದ ಬರೆದ ಒಂದು ಪುಟ್ಟ ಚಿತ್ರ ಅಂಟಿಸಿ. ಪಾರ್ಸೆಲ್ ಮೇಲೆ ಅಂಟಿಸುವ ಕಸ್ಟಮ್ಸ್ ವಿವರದ ಸಿಎನ್ 22 ಚೀಟಿಯಲ್ಲಿ 'ಡ್ರಾಯಿಂಗ್ ಚಾರ್ಕೋಲ್ ಸ್ಟಿಕ್ಸ್, ಕಲಾವಿದರ ಬಳಕೆಗೆ, 9609 90' ಎಂದು ಬರೆದು ಸಂಖ್ಯೆ, ತೂಕ, ಬೆಲೆ ತುಂಬಿ. ಕೌಂಟರಿನಲ್ಲಿ ಮತ್ತೆ ಬೇಡ ಎಂದರೆ ಪೋಸ್ಟ್ ಮಾಸ್ಟರ್ ಅವರನ್ನು ಕಂಡು, ಅವರ ಮೇಜಿನ ಮೇಲಿನ ಕಾಗದದಲ್ಲಿ ಒಂದು ಗೆರೆ ಎಳೆದು ತೋರಿಸಿ.